ಟ್ಯಾಂಕಿನ ಮುಚ್ಚಳ

ಗುಬ್ಬಿಯಲ್ಲಿ ಮೇಷ್ಟ್ರೊಬ್ಬರು ತಮ್ಮ ಹಳೇ ಟೂ-ಸ್ಟ್ರೋಕ್ ಬೈಕು ಮಾರ್ತಾರೆ ಅಂತ ಗೊತ್ತಾಗಿ, ತುಮಕೂರಿನಿಂದ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳು ಬಂದಿದ್ದೇ ಬೇಡ ಅನ್ನೋದಕ್ಕೆ. ಆ ಬೈಕಿನ ಸಾಮಾನು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳೆದುಹೋಗಿದ್ದಕ್ಕೆ ಮೇಷ್ಟ್ರು ಅದರ ಬಾಯಿಗೆ ಬಟ್ಟೆ ಕಟ್ಟಿದ್ದರು.

"ಉಪ್ಪಿನಕಾಯಿ ಜಾಡಿ ಇದ್ದಂಗಿದೆ," ಅಂದಳು. ನನಗೆ ರೇಗಿತು.

"ಇಬ್ರೂ ಒಂದ್ ರೌಂಡ್ ಹೋಗ್ಬನ್ನಿ," ಅಂದರು ಮೇಷ್ಟ್ರು.

ಹಾಗಲವಾಡಿ ರಸ್ತೆಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದರೆ, ಟೀ ಅಂಗಡಿಯವರು ಒಲೆ ಬಿಟ್ಟು ಬಂದು ಬೈಕಿನ ಸುತ್ತ ತಿರುಗಿದರು. ಅವರ ಅಪ್ಪನ ಹತ್ತಿರ ಇಂಥದ್ದೇ ಇತ್ತಂತೆ. ಗಾಡಿ ಗುಜರಿಗೆ ಹೋಯಿತಂತೆ, ಒಂದಷ್ಟು ಸಾಮಾನು ಅಂಗಡಿಯ ಹಿಂದೆಯೇ ಇರುವ ಮನೆಯ ಅಟ್ಟದ ಮೇಲೆ ಉಳಿದಿದೆಯಂತೆ. ನಾನು ಬಾಯಿ ತೆಗೆಯುವಷ್ಟರಲ್ಲಿ ನನ್ನ ಹೆಂಡತಿ, "ಅಣ್ಣಾ, ಟ್ಯಾಂಕಿನ ಮುಚ್ಚಳ ಇದ್ಯಾ ನೋಡಿ," ಅಂದಳು.

ಇತ್ತು. ತುಕ್ಕು ಹಿಡಿದಿತ್ತು. ಅದನ್ನು ಅವಳೇ ದುಪಟ್ಟಾದಲ್ಲಿ ಉಜ್ಜಿ ಉಜ್ಜಿ ಒರೆಸಿ, ಟ್ಯಾಂಕಿಗಿಟ್ಟು ತಿರುಗಿಸಿದಳು. ಗಟ್ಟಿಯಾಗಿ ಕೂತಿತು. ಅಂಗಡಿಯವರು ಟೀಗೂ ದುಡ್ಡು ತಗೊಳ್ಳಲಿಲ್ಲ.

ಗುಬ್ಬಿ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ನನ್ನ ಭುಜ ತಟ್ಟಿದಳು.

"ಈಗ ಮೇಷ್ಟ್ರು ಮಾರಲ್ಲ ಅಂದ್ಬಿಟ್ರೆ ಏನ್ರೀ ಮಾಡೋದು?"