ಮಸಿಯ ಕೆಳಗಿದ್ದ ಮೂರು ಮಾತು

ಸಾವಿತ್ರಕ್ಕ, ನಿಮ್ಮ ಅಪ್ಪನ ಜೈಲಿನ ಪುಸ್ತಕದಲ್ಲಿ ಒಂದು ಕಡೆ ಇರುವ ಮಾತು ಅವರದಲ್ಲ. ನನ್ನದು. ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿರೆಂದು ನೀವು ಮೂಡಲಗಿಯಿಂದ ಫೋನ್ ಮಾಡಿದಾಗಿನಿಂದ ಇದನ್ನು ಹೇಳದೆ ಇರಲಾಗುತ್ತಿಲ್ಲ.

ಮಹಾಯುದ್ಧದ ಕಾಲಕ್ಕೆ, ಚಳವಳಿಯಲ್ಲಿ ಸೆರೆಯಾಗಿದ್ದ ಅವರು ಜೈಲಿನಿಂದ ನಿಮ್ಮ ಅವ್ವನಿಗೆ ಬರೆದ ಕಾಗದದಲ್ಲಿ ಮೂರು ಸಾಲಿಗೆ ಜೈಲಿನ ಅಧಿಕಾರಿ ಮಸಿ ಬಳಿದಿದ್ದ. ಓದು ಬಾರದ ಅವ್ವ ಅದನ್ನು ಜೋಪಾನವಾಗಿಟ್ಟಿದ್ದರು. ಅಲ್ಲೇನಿತ್ತೆಂದು ಅವ್ವ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪುಸ್ತಕ ಮಾಡಿಸಲು ಗೋಕಾಕದ ನನ್ನ ಪ್ರೆಸ್ಸಿಗೆ ಬಂದಾಗ ನಿಮ್ಮ ಅಪ್ಪ ಆ ಮೂರು ಸಾಲನ್ನು ನನ್ನಿಂದ ಬರೆಸಿದರು: "ಇಲ್ಲಿ ಹೊಡೆಯುತ್ತಾರೆ. ನನಗೆ ಬಹಳ ಹೆದರಿಕೆಯಾಗುತ್ತದೆ. ನಿನ್ನ ಹೆಸರು ಹೇಳಿಕೊಂಡರೆ — ಗೌರವ್ವ, ಗೌರವ್ವ — ನಿದ್ದೆ ಬರುತ್ತದೆ."

ಮನೆಯಲ್ಲಿ ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆಯದ ಮನುಷ್ಯ!

"ಆಕಿ ಮುಂದ ಹೇಳಾಕ ನಾಚಿಕಿ ಬರ್ತೈತೋ ತಮ್ಮಾ. ಪುಸ್ತಕದಾಗ ಇರ್ಲಿ. ಯಾರರ ಓದಿ ಹೇಳ್ತಾರ," ಎಂದರು.

ನಾನು ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಮೇಲೆ ಬಂದವನು. ಯಾವ ಪುಸ್ತಕ ಓಡುತ್ತದೆಂದು ನನಗೇ ಗೊತ್ತೆಂಬ ಜಂಬ. ಹೆದರಿದ ಹೋರಾಟಗಾರನನ್ನು ಯಾವ ಶಾಲೆಯವರು ಕೊಳ್ಳುತ್ತಾರೆ? "ತಾಯ್ನಾಡಿಗಾಗಿ ನಗುತ್ತ ಪ್ರಾಣ ಕೊಡುವೆ, ಅಳಬೇಡ" ಎಂದು ಅವರ ಮಾತಿನ ಜಾಗದಲ್ಲಿ ನಾನೇ ಬರೆದು ಸೇರಿಸಿದೆ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕರಡನ್ನು ನಾನೇ ಓದಿ ಹೇಳಬೇಕಿತ್ತು. ಆ ಪುಟ ಬಂದಾಗ — ಅಚ್ಚಿನಲ್ಲಿದ್ದುದನ್ನಲ್ಲ, ಅವರು ಬರೆಸಿದ್ದನ್ನೇ ಬಾಯಿಪಾಠದಿಂದ ಒಪ್ಪಿಸಿದೆ. ತಡವರಿಸಲೂ ಇಲ್ಲ. ಅವರು ಸಣ್ಣ ಹುಡುಗನಂತೆ ನಕ್ಕರು.

ಹುಕ್ಕೇರಿಯಲ್ಲಿ ನಡೆದ ಪುಸ್ತಕ ಬಿಡುಗಡೆಯ ಸಭೆಯಲ್ಲಿ ಮಾಸ್ತರರೊಬ್ಬರು ಆ ಪುಟವನ್ನೇ ಎತ್ತಿಕೊಂಡು ಓದಿದರು. ಚಪ್ಪಾಳೆಯೋ ಚಪ್ಪಾಳೆ. ಅವ್ವ ಮಾತ್ರ ಸೆರಗು ಸರಿಪಡಿಸಿಕೊಂಡು, ಪಕ್ಕದಲ್ಲಿದ್ದ ನನ್ನತ್ತ ತಿರುಗಿ ಕೇಳಿದರು:

"ಇಷ್ಟ ಏನ್ರಿ? ನಾ ಏನೋ — ನನಗ ಬರದಾರ ಅಂತ ತಿಳದಿದ್ದೆ."

ಅಪ್ಪನೂ ಎಲ್ಲ ಕೇಳಿಸಿಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ವೇದಿಕೆಯಿಂದ ಇಳಿಯುವಾಗ ನನ್ನ ಭುಜ ತಡವಿ, "ಅಚ್ಚು ಛಲೋ ಆಗೇತಿ ಬಿಡಪಾ," ಎಂದರು. ಅಷ್ಟೇ. ನನ್ನ ಮುಖ ಉಳಿಸಿದರು. ಮಸಿಯ ಕೆಳಗಿನ ಆ ಮಾತನ್ನು ಆಮೇಲಾದರೂ ಅವ್ವನಿಗೆ ಹೇಳಿದರೋ — ಇಲ್ಲ, ಅವರಿಂದ ಆಗಿರಲಿಕ್ಕಿಲ್ಲ. ನಾನಾದರೂ ಹೇಳಬಹುದಿತ್ತು. ಇಬ್ಬರೂ ತೀರಿಕೊಳ್ಳುವವರೆಗೆ ಹೇಳಲಿಲ್ಲ.

ಕಾಗದ ಯಾವುದಿರಬೇಕು, ಬೆಲೆ ಎಷ್ಟಿಡಬೇಕು — ಪುಸ್ತಕ ಮಾಡುವವರಿಗೆಲ್ಲ ಕೇಳದಿದ್ದರೂ ಬುದ್ಧಿ ಹೇಳುತ್ತ ಬಂದವನು ನಾನು. ಆ ಅಧಿಕಾರಿಯ ಮಸಿ ಕಣ್ಣಿಗಾದರೂ ಕಾಣುತ್ತಿತ್ತು. ನನ್ನದು ಯಾರಿಗೂ ಕಾಣಲಿಲ್ಲ.

ಹೊಸ ಅಚ್ಚಿನಲ್ಲಿ ಅವರ ಮಾತು ಅವರ ಜಾಗದಲ್ಲಿರುತ್ತದೆ. ನಾನು ಮಾಡಿದ್ದು, ನನ್ನ ಹೆಸರಿನ ಸಮೇತ, ಅದೇ ಪುಟದ ಅಡಿಯಲ್ಲಿರುತ್ತದೆ. ಕರಡು ಕಳಿಸುತ್ತೇನೆ ಅಕ್ಕ. ಪ್ರತಿ ಸಾಲನ್ನೂ ನೀವೇ ಓದಿರಿ — ನನ್ನ ಬಾಯಿಯನ್ನು ನಂಬಬೇಡಿ.