ಅಜ್ಜಿಯ ಪೆಟ್ಟಿಗೆಯ ಬಿಳಿ ಬಟ್ಟೆ

ಬೆಟ್ಟಗಳ ನಡುವಿನ ನಾರಿನ್ ಊರಿನ ಪೇಟೆಯ ಕೊನೆಯ ಸಾಲಿನಲ್ಲಿ ಕಬ್ಬಿಣದ ಕಂಟೇನರೊಂದನ್ನೇ ಅಂಗಡಿ ಮಾಡಿಕೊಂಡು ಕೂತಿರುವ ಬುರುಲ್‌ಗೆ ಈಗ ನಲವತ್ತೇಳು ವರ್ಷ. ಊರಿನಲ್ಲಿ ಯಾರ ಕೋಟಿನ ಜಿಪ್ಪು ಕೆಟ್ಟರೂ, ಯಾರ ಮನೆಗೆ ಸೊಸೆ ಬಂದರೂ ಬಟ್ಟೆ ಅವಳ ಮೇಜಿಗೆ ಬರಲೇಬೇಕು. ಕೆಲಸ ಅಚ್ಚುಕಟ್ಟು, ನಾಲಿಗೆ ಸ್ವಲ್ಪ ಚುರುಕು. ಅವಳದೊಂದು ಅಭ್ಯಾಸವಿದೆ. ಯಾರಾದರೂ ಬಿಳಿ ಬಟ್ಟೆ ತಂದರೆ ಅದನ್ನು ಪೂರ್ತಿ ಬಿಚ್ಚಿ, ಅಂಚನ್ನು ಬೆರಳಿನಲ್ಲಿ ಸವರಿ ನೋಡಿ, ಆಮೇಲೆ ಕೇಳುತ್ತಾಳೆ:

"ಇದು ಯಾರ ಪೆಟ್ಟಿಗೆಯಿಂದ ಬಂತು? ಕೇಳಿ ತಂದ್ಯಾ, ಕೇಳದೆ ತಂದ್ಯಾ?"

ಈಗಿನ ಹುಡುಗಿಯರು ಕಿಸಕ್ಕನೆ ನಗುತ್ತಾರೆ. "ಅಯ್ಯೋ ಅಕ್ಕಾ, ಅಂಗಡಿಯಿಂದ ತಂದಿದ್ದು! ಚೀನಾ ಮಾಲು!"

"ಹಾಗಾದ್ರೆ ಸರಿ," ಎಂದ ಮೇಲೆಯೇ ಅವಳು ಕತ್ತರಿಗೆ ಕೈ ಹಾಕುವುದು. ನಗುವವರು ನಗಲಿ. ಹಾಗೆ ಕೇಳುವುದಕ್ಕೆ ಅವಳಿಗೆ ಕಾರಣವಿದೆ, ಅದು ಈ ಹುಡುಗಿಯರು ಹುಟ್ಟುವ ಮುಂಚಿನದು.

ನಮ್ಮ ದೇಶವೂ ಸೇರಿ ಹದಿನೈದು ನಾಡುಗಳಿದ್ದ ಒಕ್ಕೂಟ ಒಡೆದು ಐದನೆಯ ಚಳಿಗಾಲ. ಬುರುಲ್ ಆಗ ಹೊಲಿಗೆ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಅಪ್ಪ ಅವ್ವ ಬೆಟ್ಟದ ಮೇಲೆ ಕುರಿಗಳ ಜೊತೆ. ಇವಳು ಊರಿನಲ್ಲಿ ಅಜ್ಜಿ ಉಲ್ಕಾನ್ ಜೊತೆ; ಅವಳನ್ನು 'ಅಪಾ' ಎನ್ನುತ್ತಿದ್ದಳು. ಶಾಲೆಯಲ್ಲಿ ಸೀಮೆಸುಣ್ಣವಿದ್ದರೆ ದಾರವಿಲ್ಲ, ದಾರವಿದ್ದರೆ ಕರೆಂಟಿಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನ ಕಾಲಿಮಾ ಟೀಚರ್ ತರಗತಿಗೆ ಬಂದು, ವಸಂತದ ನೊರೂಜ್ ಹಬ್ಬಕ್ಕೆ ಸಂಸ್ಕೃತಿ ಭವನದಲ್ಲಿ ಫ್ಯಾಷನ್ ಶೋ ಮಾಡೋಣ ಎಂದುಬಿಟ್ಟರು. ಕೈಬೆರಳು ಮರಗಟ್ಟಿ ಕೂತಿದ್ದ ಎಂಟು ಹುಡುಗಿಯರಿಗೆ ಆ ಮಾತು ಒಲೆ ಹಚ್ಚಿದಷ್ಟು ಹಿತವಾಯಿತು.

ಬುರುಲ್ ಆ ತಂಡದ ಯಜಮಾನಿ. ಯಾರೂ ಆರಿಸಲಿಲ್ಲ, ನೋಟುಬುಕ್ಕು ಅವಳ ಹತ್ತಿರ ಇತ್ತು, ಅಷ್ಟೇ. ಕತ್ತರಿ ಹಿಡಿಯುವುದು ಸೋನುನ್. ಅವಳಂಥ ಕೈ ಬೇರೆ ಯಾರಿಗೂ ಇರಲಿಲ್ಲ, ಅವಳಂಥ ಬಾಯಿಯೂ ಇರಲಿಲ್ಲ. ನಡೆಯುವವರಲ್ಲಿ ಮೊದಲನೆಯವಳು ಜಿಪಾರ್. ಎತ್ತರದ ಹುಡುಗಿ, ಬಾಗಿಲು ದಾಟುವಾಗ ತಲೆ ತಗ್ಗಿಸುವವಳು. ಬಟ್ಟೆ ಎಲ್ಲಿಂದ ಬರಬೇಕು? ಭವನದ ಹಳೆಯ ಕೆಂಪು ಪರದೆ ಎರಡು ಲಂಗವಾಯಿತು. ಯಾರದೋ ಅಪ್ಪನ ಸೈನ್ಯದ ಕೋಟು ಮೇಲಂಗಿಯಾಯಿತು. ಕಂಬಳಿ, ಗುಡಾರದ ಒಳಬಟ್ಟೆ, ಯಾವುದನ್ನೂ ಬಿಡಲಿಲ್ಲ. ಹದಿನಾಲ್ಕು ಉಡುಪು, ಆರು ಹುಡುಗಿಯರು, ಹಿಮ್ಮಡಿ ಎತ್ತರದ ಚಪ್ಪಲಿ ಮಾತ್ರ ಮೂರೇ ಜೊತೆ. ಹಾಗಾಗಿ ಬುರುಲ್ ನೋಟುಬುಕ್ಕಿನಲ್ಲಿ ಸರದಿ ಬರೆದದ್ದು ಉಡುಪಿನ ಲೆಕ್ಕದಲ್ಲಲ್ಲ, ಚಪ್ಪಲಿಯ ಲೆಕ್ಕದಲ್ಲಿ. ಒಬ್ಬಳು ಪರದೆಯ ಹಿಂದೆ ಬಂದ ಕೂಡಲೇ ಇಬ್ಬರು ಅವಳ ಕಾಲಿಗೆ ಬಿದ್ದು ಚಪ್ಪಲಿ ಕೀಳಬೇಕು, ಮೂರನೆಯವಳು ಅದಕ್ಕೆ ಕಾಲು ತೂರಿಸಿ ಹೊರಡಬೇಕು. ಶಾಲೆಯ ಓಣಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಎರಡು ತಿಂಗಳು ಇದೇ ಅಭ್ಯಾಸ. ಬಿದ್ದರು, ನಕ್ಕರು, ಜಗಳವಾಡಿದರು. ಬುರುಲ್ ಈಗಲೂ ಹೇಳುತ್ತಾಳೆ, ಅಷ್ಟು ಹಸಿದುಕೊಂಡು ಅಷ್ಟು ಸುಖವಾಗಿ ತಾನು ಮತ್ತೆಂದೂ ಇರಲಿಲ್ಲವೆಂದು.

ಒಂದೇ ಒಂದು ಕೊರತೆ. ಶೋ ಮುಗಿಯಬೇಕಾದ್ದು ಮದುಮಗಳಿಂದ. ಮದುಮಗಳಿಗೆ ಬಿಳಿ ಬಟ್ಟೆ ಬೇಕು. ಊರೆಲ್ಲ ಹುಡುಕಿದರೂ ಸಿಕ್ಕಿದ್ದು ಆಸ್ಪತ್ರೆಯ ಎರಡು ಹಾಸಿಗೆ ಬಟ್ಟೆ, ಅದರ ನಡುಮಧ್ಯೆ ನೀಲಿ ಮುದ್ರೆ.

"ಮುದ್ರೆ ಹಿಂದುಗಡೆ ಬರೋ ಹಾಗೆ ಹೊಲಿಯೋಣ," ಎಂದಳು ಸೋನುನ್. "ಮದುಮಗಳು ಎಲ್ಲಿಂದ ಬಂದ್ಲು ಅಂತ ಜನಕ್ಕೂ ಗೊತ್ತಾಗುತ್ತೆ."

ಎಲ್ಲರೂ ನಕ್ಕರು, ಬುರುಲ್ ನಗಲಿಲ್ಲ. ಬಿಳಿ ಬಟ್ಟೆ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಗಂಟಿನೊಳಗೆ, ಹದಿನೆಂಟು ಮೀಟರಿನ ಒಂದು ಥಾನು. ಅದು ಯಾತಕ್ಕೆ ಇಟ್ಟದ್ದೆಂದೂ ಗೊತ್ತಿತ್ತು. ನಾರಿನ್‌ನಲ್ಲಿ ಪ್ರತಿ ಮುದುಕಿಯ ಪೆಟ್ಟಿಗೆಯಲ್ಲೂ ಅಂಥದೊಂದು ಗಂಟಿರುತ್ತದೆ, ಮಕ್ಕಳು ಅದನ್ನು ಮುಟ್ಟುವುದಿಲ್ಲ. ಅದು ಸತ್ತ ಮೇಲೆ ಮೈಗೆ ಸುತ್ತುವ ಕಫನ್ ಬಟ್ಟೆ.

ಹಬ್ಬಕ್ಕೆ ಮುಂಚಿನ ಬುಧವಾರ ಅಜ್ಜಿ ನೆರೆಮನೆಗೆ ಚಹಾಕ್ಕೆ ಹೋದಾಗ ಬುರುಲ್ ಪೆಟ್ಟಿಗೆ ತೆಗೆದಳು. ಮಡಿಕೆ ಹೇಗಿತ್ತು, ಗಂಟು ಎತ್ತ ಕಡೆಯಿತ್ತು ಎಲ್ಲ ನೆನಪಿಟ್ಟುಕೊಂಡು ಬಟ್ಟೆ ಎತ್ತಿಕೊಂಡಳು. ಕಳ್ಳತನವಲ್ಲ, ಸಾಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಬ್ಬದ ದಿನ ಸಂಜೆಯೊಳಗೆ ಒಂದು ಚುಕ್ಕೆಯೂ ಬೀಳದಂತೆ, ಒಂದು ಇಂಚೂ ಹರಿಯದಂತೆ ವಾಪಸು ಇಟ್ಟರಾಯಿತು.

ಸೋನುನ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕಣ್ಣರಳಿಸಿ, ಕತ್ತರಿ ಎತ್ತಿಕೊಂಡಳು.

"ಕತ್ತರಿ ಕೆಳಗಿಡು," ಎಂದಳು ಬುರುಲ್.

"ಕತ್ತರಿಸ್ದೆ ಊದಿ ಹೊಲೀಲಾ?"

"ಕತ್ತರಿ ತಾಗಿಸಿದ್ರೆ ಕೈ ಮುರೀತೀನಿ. ಇದು... ನಮ್ಮ ಅಪಾದು. ಗಂಟಿಂದು."

ಸೋನುನ್ ಕತ್ತರಿ ಇಟ್ಟು, ಹೊರಗೆ ಹೋಗಿ, ಕೈ ತೊಳೆದುಕೊಂಡು ಬಂದಳು. "ನಿಂಗೆ ತಲೆ ಕೆಟ್ಟಿದೆ ಕಣೇ," ಎಂದಳು ಮೆಲ್ಲಗೆ. ಆಮೇಲೆ ಇಡೀ ದಿನ ಅದೇ ಕೆಲಸ. ಬರೀ ನೆರಿಗೆ, ಮಡಿಕೆ, ಗುಂಡುಸೂಜಿ, ಕಚ್ಚಾ ಹೊಲಿಗೆ. ಅಂಚಿನಲ್ಲಿ ಅಜ್ಜಿ ಕೈಯಿಂದ ಹಾಕಿದ್ದ ನೀಲಿ ದಾರದ ಹೊಲಿಗೆಯನ್ನು ಕೆಳಗೆ ಕಾಣದಂತೆ ಒಳಕ್ಕೆ ಮಡಚಿದಳು. ಒಂದು ಎಳೆ ಎಳೆದರೆ ಪೂರ್ತಿ ಬಿಚ್ಚಿಕೊಂಡು ಮತ್ತೆ ಥಾನಾಗುವಂಥ ಉಡುಪು ಅದು. ಸೋನುನ್ ಆಮೇಲೆ ರಾಜಧಾನಿಗೆ ಹೋಗಿ ದೊಡ್ಡ ದರ್ಜಿಯಾದಳು; ಆದರೆ ಕತ್ತರಿಯೇ ಮುಟ್ಟದೆ ಮಾಡಿದ ಆ ಉಡುಪಿನ ಮುಂದೆ ಅವಳ ಬೇರೆ ಕೆಲಸವೆಲ್ಲ ಸಪ್ಪೆ ಎಂದು ಬುರುಲ್ ಎದೆ ತಟ್ಟಿ ಹೇಳುತ್ತಾಳೆ.

ಹಬ್ಬಕ್ಕೆ ಒಂದು ದಿನ ಮುಂಚೆ ಜಿಪಾರ್ ಅಳುತ್ತಾ ಬಂದಳು. ಕಿವಿಯಲ್ಲಿ ಹೊಸ ಓಲೆ. ಹುಡುಗನ ಕಡೆಯವರು ಬಂದು ಹಾಕಿ ಹೋಗಿದ್ದರು. ಓಲೆ ಬಿದ್ದ ಮೇಲೆ ಆಯಿತು, ಅವಳು ಆ ಮನೆಯ ಸೊಸೆ. ನಿಜವಾದ ಮದುವೆಗೆ ಮುಂಚೆ ಸುಳ್ಳು ಮದುಮಗಳಾಗಕೂಡದೆಂದು ಭಾವೀ ಅತ್ತೆಯ ಅಪ್ಪಣೆಯಾಗಿತ್ತು.

"ಬೇರೆ ಉಡುಪು ಹಾಕ್ಕೊಂಡು ನಡೀತೀನಿ, ಅದೊಂದು ಬೇಡ," ಎಂದು ಮೂಗು ಒರೆಸಿಕೊಂಡಳು.

ಉಳಿದವರೆಲ್ಲ ಬುರುಲ್ ಕಡೆ ನೋಡಿದರು. ಯಾಕೆಂದರೆ ಉಳಿದವರಿಗೆಲ್ಲ ಚಪ್ಪಲಿಯ ಸರದಿಯಲ್ಲಿ ಜಾಗವಿತ್ತು, ಸೋನುನ್ ಕೈಗೆ ಸೂಜಿಯ ಕೆಲಸವಿತ್ತು. ನೋಟುಬುಕ್ಕು ಹಿಡಿದವಳು ಮಾತ್ರ ಖಾಲಿ ಇದ್ದಳು.

ಹಬ್ಬದ ದಿನ ಭವನ ಕಿಕ್ಕಿರಿದಿತ್ತು. ಕರೆಂಟು ಕೈಕೊಡಲಿಲ್ಲ. ಚಪ್ಪಲಿಗಳು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುತ್ತಾ ಹದಿಮೂರು ಉಡುಪು ದಾಟಿದವು. ಸೈನ್ಯದ ಕೋಟಿಗೆ ಜನ ಶಿಳ್ಳೆ ಹೊಡೆದರು. ಪರದೆಯ ಹಿಂದೆ ಬುರುಲ್ ಕುಳ್ಳಗೆ ನಿಂತಿದ್ದಳು. ಜಿಪಾರ್ ಅಳತೆಯ ಉಡುಪು ನೆಲದ ಮೇಲೆ ಒಂದು ಮೊಳ ಬಿದ್ದಿತ್ತು, ಸೋನುನ್ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಅದನ್ನು ಮೇಲೆ ಮಡಚುತ್ತಿದ್ದಳು. ಆಗ ದೀಪ ನೋಡಿಕೊಳ್ಳುವ ಮೆಲಿಸ್ ಅಣ್ಣ ಕತ್ತು ಹಾಕಿ ಹೇಳಿದ:

"ಬುರುಲ್, ನಿಮ್ಮ ಅಜ್ಜಿನೂ ಬಂದಿದಾರಲ್ಲಮ್ಮ. ಮುದುಕಿಯರ ದಂಡೇ ಬಂದಿದೆ, ಮೊದಲನೇ ಸಾಲು!"

ಮಂಡಿ ನೋವು, ಬರುವುದಿಲ್ಲ ಎಂದಿದ್ದ ಅಜ್ಜಿ! ಹಬ್ಬದ ಗೋಧಿ ಗಂಜಿ ತೊಳಸುತ್ತಿದ್ದ ಮುದುಕಿಯರೆಲ್ಲ ಹೊರಟಾಗ ಅವಳೂ ಹೊರಟಿದ್ದಳು.

"ನಾನು ಹೋಗಲ್ಲ," ಎಂದಳು ಬುರುಲ್. "ಹದಿಮೂರಕ್ಕೇ ಮುಗಿಸೋಣ."

"ಮದುಮಗಳಿಲ್ದೆ ಮುಗಿಸಿದ್ರೆ ಜನ ಎದ್ದು ಹೋಗ್ತಾರೇನೇ? ಬಾಗಿಲು ನೋಡ್ತಾ ಕೂತಿರ್ತಾರೆ," ಎಂದರು ಕಾಲಿಮಾ ಟೀಚರ್. ಅವರಿಗೆ ಬಟ್ಟೆಯ ವಿಷಯ ಗೊತ್ತಿರಲಿಲ್ಲ. ಸೋನುನ್‌ಗೆ ಗೊತ್ತಿತ್ತು. ಅವಳು ಬಾಯಿಂದ ಸೂಜಿ ತೆಗೆದು, ಮದುಮಗಳ ಕೆಂಪು ಮುಸುಕನ್ನು ಬುರುಲ್ ಮುಖದ ಮೇಲೆ ಇಳಿಬಿಟ್ಟಳು. "ಮುಖ ಕಾಣಲ್ಲ. ಬಟ್ಟೆ ಬಿಳಿ, ಊರಲ್ಲಿರೋ ಬಿಳಿ ಎಲ್ಲಾ ಒಂದೇ. ಸುಮ್ನೆ ಹೋಗು, ತಿರುಗು, ಬಾ. ಯಾವುದನ್ನೂ ಮುಟ್ಟಬೇಡ."

ಹೋಗುವುದು, ತಿರುಗುವುದು, ಬರುವುದು. ಅಷ್ಟೇ ಇತ್ತು ನೋಟುಬುಕ್ಕಿನಲ್ಲಿ. ಬುರುಲ್ ಹೋದಳು. ವೇದಿಕೆಯ ತುದಿ ಮುಟ್ಟಿದಳು. ಮುಸುಕಿನೊಳಗಿನಿಂದ ನೋಡಿದರೆ ಎದುರಿಗೆ ಸಾಲಾಗಿ ಬಿಳಿ ರುಮಾಲು ಕಟ್ಟಿದ ಮುದುಕಿಯರು. ಮುಸುಕು ಹಾಕಿಕೊಂಡು ಹಿರಿಯರ ಮುಂದೆ ನಿಂತ ನಮ್ಮ ಹುಡುಗಿ ಏನು ಮಾಡುತ್ತಾಳೆ? ಅವಳ ತಲೆ ಮಾಡಲಿಲ್ಲ, ಸೊಂಟ ಮಾಡಿತು. ಕೈಗಳನ್ನು ಮಂಡಿಯ ಮೇಲಿಟ್ಟು ಬಾಗಿದಳು. ಒಂದು ಸಲ, ಎರಡು ಸಲ, ಮೂರು ಸಲ, ಸೊಸೆಯಾದವಳು ಬಾಗುವಂತೆ.

ಅಲ್ಲಿಗೆ ಶೋ ಮುಗಿಯಿತು, ಮದುವೆ ಶುರುವಾಯಿತು. ಮುದುಕಿಯರು ಎದ್ದೇಬಿಟ್ಟರು. "ಬಾಳು ಮಗಳೇ! ಮಕ್ಕಳೊಂದಿಗೆ ಬಾಳು!" ಸೊಸೆ ಬಾಗಿದ ಮೇಲೆ ಹರಸದೆ, ಅವಳ ಮೇಲೆ ಸಿಹಿ ಎರಚದೆ ಕೂರುವುದು ಅವರಿಂದಾಗುವ ಕೆಲಸವಲ್ಲ. ಹಬ್ಬಕ್ಕೆಂದು ಮಡಿಲಲ್ಲಿ ಕಟ್ಟಿಕೊಂಡಿದ್ದ ಮಿಠಾಯಿ, ಒಣದ್ರಾಕ್ಷಿ, ಆಗತಾನೇ ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್ ಎಲ್ಲ ವೇದಿಕೆಗೆ ಹಾರಿದವು. ಮಕ್ಕಳು ಆಯ್ದುಕೊಳ್ಳಲು ವೇದಿಕೆ ಹತ್ತಿದರು. ಉಲ್ಕಾನಜ್ಜಿ ಎಲ್ಲರಿಗಿಂತ ಕೊನೆಗೆ ಎದ್ದಳು. ಒಂದು ಗಳಿಗೆ ಮದುಮಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಎರಡೂ ಕೈ ತುಂಬ ಬೋರ್ಸೋಕ್ ಎತ್ತಿ ಎರಚಿದಳು. ಎಣ್ಣೆ ಇನ್ನೂ ಆರಿರಲಿಲ್ಲ. ಅವು ಬುರುಲ್ ಎದೆಗೇ ಬಂದು ಬಡಿದು, ಜಾರಿ, ಕೆಳಗೆ ಬಿದ್ದವು.

ಪರದೆಯ ಹಿಂದೆ ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದಾಗ ಬುರುಲ್ ಮತ್ತು ಸೋನುನ್ ಆ ಕಲೆಯನ್ನು ನೋಡುತ್ತಾ ನಿಂತಿದ್ದರು. ಅಂಗೈಯಗಲದ ಎಣ್ಣೆ ಕಲೆ. ಸೀಮೆಸುಣ್ಣದ ಪುಡಿ ತಿಕ್ಕಿದರು, ಹಿಟ್ಟು ಉದುರಿಸಿದರು, ಸಾಬೂನು ಹಾಕಿ ಬಿಸಿನೀರಿನಲ್ಲಿ ಉಜ್ಜಿದರು, ಇಸ್ತ್ರಿಯಿಂದ ಒಣಗಿಸಿದರು. ಮಸುಕಾಯಿತು, ಹೋಗಲಿಲ್ಲ. ಗಂಟನ್ನು ಮೊದಲಿನಂತೆಯೇ ಕಟ್ಟಿ, ಕಲೆ ಒಳಗೆ ಬರುವಂತೆ ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದಾಗ ಬುರುಲ್‌ಗೆ ಅಳು ತಡೆಯಲಾಗಲಿಲ್ಲ. ಅಜ್ಜಿಯ ಕೊನೆಯ ಬಟ್ಟೆಯನ್ನೇ ಕೆಡಿಸಿದ್ದಳು, ಹೇಳುವ ಬಾಯಿಯೂ ಇರಲಿಲ್ಲ.

ಸಂಜೆ ಚಹಾ ಬಗ್ಗಿಸುತ್ತಾ ಅಜ್ಜಿ ಕೇಳಿದಳು. "ಆ ಮದುಮಗಳು ಯಾರ ಮನೆಯವಳೇ?"

"ಬೇರೆ ಊರಿನವಳು ಅಪಾ."

"ಹೂಂ. ಚೆನ್ನಾಗಿ ಬಾಗಿದ್ಲು. ಯಾವಳೋ ಅಜ್ಜಿ ಸರಿಯಾಗಿ ಕಲಿಸಿದಾಳೆ."

ಅಷ್ಟೇ. ಬುರುಲ್ ಬದುಕಿದೆ ಅಂದುಕೊಂಡಳು.

ವರ್ಷಗಳು ಕಳೆದವು. ಹೊಲಿಗೆ ಶಾಲೆಗೆ ಬೀಗ ಬಿತ್ತು. ಸೋನುನ್ ರಾಜಧಾನಿಗೆ ಹೋದಳು, ಜಿಪಾರ್‌ಗೆ ನಾಲ್ಕು ಮಕ್ಕಳಾದವು. ಬುರುಲ್ ಕಂಟೇನರ್ ಹಿಡಿದಳು. ಸಂಬಂಧಗಳು ಬಂದವು, ಒಂದಲ್ಲ ಒಂದು ಕಾರಣಕ್ಕೆ ಕೂಡಿಬರಲಿಲ್ಲ. ಒಂದೆರಡನ್ನು ಅವಳೇ ಬೇಡವೆಂದಳು. ಊರಿನ ಮದುವಣಗಿತ್ತಿಯರನ್ನೆಲ್ಲ ಸಿಂಗರಿಸಿ ಕಳಿಸಿ, ಮನೆಗೆ ಬಂದು ಅಜ್ಜಿಯ ಮಂಡಿಗೆ ಕುರಿಯ ಕೊಬ್ಬು ತಿಕ್ಕುತ್ತಿದ್ದಳು. ವಸಂತ ಬಂದರೆ ಸಾಕು ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಅಜ್ಜಿ ಪೆಟ್ಟಿಗೆಯ ಬಟ್ಟೆಗೆಲ್ಲ ಬಿಸಿಲು ತೋರಿಸುವ ಕಾಲ ಅದು. ಆದರೆ ಅಜ್ಜಿ ಆ ಕೆಲಸಕ್ಕೆ ಯಾವಾಗಲೂ ಬುರುಲ್ ಅಂಗಡಿಯಲ್ಲಿರುವ ಹೊತ್ತನ್ನೇ ಆರಿಸಿಕೊಳ್ಳುತ್ತಿದ್ದಳು, ಸಂಜೆ ಏನೂ ಹೇಳುತ್ತಿರಲಿಲ್ಲ. ಕೊನೆಗೆ ಬುರುಲ್ ಅದೇ ಬಗೆಯ ಹದಿನೆಂಟು ಮೀಟರು ಬಿಳಿ ಬಟ್ಟೆ ತಂದು ಅಂಗಡಿಯಲ್ಲಿ ಬಚ್ಚಿಟ್ಟಳು. ಬದಲಾಯಿಸುವ ಧೈರ್ಯ ಮಾತ್ರ ಬರಲಿಲ್ಲ.

ಆ ಹಬ್ಬವಾಗಿ ಒಂಬತ್ತನೆಯ ವರ್ಷ, ಆಲೂಗಡ್ಡೆ ಅಗೆಯುವ ದಿನಗಳಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಬುರುಲ್ ಕೈ ಹಿಡಿದುಕೊಂಡು ಹೇಳಿದಳು:

"ನನ್ನ ಗಂಟಲ್ಲಿ ಎಣ್ಣೆ ಕಲೆ ಇರೋ ಬಟ್ಟೆ ಇದೆಯಲ್ಲ, ಅದನ್ನ ಯಾರೂ ಬದಲಾಯಿಸದ ಹಾಗೆ ನೋಡ್ಕೋ."

"ಅಪಾ... ನಿಮಗೆ ಗೊತ್ತಿತ್ತಾ? ಯಾವಾಗಿಂದ?"

"ನೀನು ಬಾಗಿದಾಗ ಅಂಚಿನ ಮಡಿಕೆ ಬಿಚ್ಕೊಂಡು ನನ್ನ ನೀಲಿ ದಾರ ಕಾಣ್ತು. ನಾನು ಹಾಕಿದ ಹೊಲಿಗೆ ನನಗೆ ಗೊತ್ತಾಗಲ್ವೇನೇ? ಮುಸುಕು ಹಾಕಿದ್ರೆ ಮೊಮ್ಮಗಳು ಬೇರೆಯವಳಾಗ್ತಾಳಾ?"

"ಗೊತ್ತಿದ್ದೂ ಬೋರ್ಸೋಕ್ ಎರಚಿದ್ರಾ? ಎಣ್ಣೆ ಸೋರ್ತಿತ್ತಲ್ಲ ಅಪಾ!"

"ಮೊಮ್ಮಗಳು ಮದುಮಗಳಾಗಿ ಬಂದು ಬಾಗಿದ್ರೆ ಎರಚದೆ ಇರೋಕಾಗುತ್ತಾ?"

ಬುರುಲ್ ಅಳುತ್ತಾ ಹೇಳಿದಳು. "ಹೊಸದು ತಂದಿಟ್ಟಿದೀನಿ ಅಪಾ. ಚೊಕ್ಕಟವಾಗಿದೆ. ಅದನ್ನೇ ಹಾಕ್ತೀನಿ."

"ಹೊಸದನ್ನ ನೀನಿಟ್ಕೋ. ನನಗೆ ಅದೇ ಇರ್ಲಿ. ಕಲೆ ಎದೆ ಮೇಲೆ ಬರ್ಲಿ. ಅಲ್ಲಿ ಯಾರಾದ್ರೂ ಇದೇನು ಅಂತ ಕೇಳಿದ್ರೆ, ಮೊಮ್ಮಗಳ ಮದುವೆ ಊಟ ಉಂಡು ಬಂದೆ ಅಂತೀನಿ."

ಇಷ್ಟು ವರ್ಷ ಅಜ್ಜಿ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ಮೈ ತೊಳೆಯಲು ಬಂದ ಹೆಂಗಸರು ಗಂಟು ಬಿಚ್ಚಿದರು. ಅವರಲ್ಲಿ ಹಿರಿಯಳಾದವಳು ಬಟ್ಟೆ ಹರವುತ್ತಾ ಹೋಗಿ ಒಂದು ಕಡೆ ನಿಂತಳು, ಕಲೆಯ ಮೇಲೆ ಬೆರಳಿಟ್ಟಳು.

"ಇದೇನಮ್ಮ ಇದು? ಬೇರೆ ಬಟ್ಟೆ ಇಲ್ವಾ?"

"ಇದೆ," ಎಂದಳು ಬುರುಲ್. "ಆದ್ರೆ ಇದೇ ಹಾಕ್ಬೇಕು. ಕಲೆ ಎದೆ ಮೇಲೆ ಬರ್ಲಿ. ಅದು ನನ್ನ ಮದುವೇದು."

ಬುರುಲ್‌ಗೆ ಮದುವೆಯಾಗಿಲ್ಲವೆಂದು ಅಲ್ಲಿದ್ದ ಏಳು ಹೆಂಗಸರಿಗೂ ಗೊತ್ತಿತ್ತು. ಆದರೂ ಕಲೆ ಎದೆಯ ಮೇಲೆ ಬರುವಂತೆ ಬಟ್ಟೆಯನ್ನು ಸರಿಮಾಡಿ ಹಾಸಿದರು.