ಅಮ್ಮ ಕೂರಬೇಕಾದ ಕಾರು

ಹಳೆಯ ಕಾರೊಂದನ್ನು ಕೊಳ್ಳೋಣವೆಂದು ನಾನು ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತು. ನನ್ನ ಗಂಡನಿಗೆ ಮೈಲೇಜ್ ಬಿಟ್ಟರೆ ಬೇರೆ ಮಾತಿಲ್ಲ. ಎದುರು ಮನೆಯಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ರೀಲಿಂಗ್ ಸಾಹೇಬರು ಬಿಳಿ ಬಣ್ಣದ್ದೇ ಆಗಬೇಕೆಂದು ಹಟ ಹಿಡಿದರು. ಆ ಕಾರಿನಲ್ಲಿ ಅವರು ಕೂರುವುದೂ ಇರಲಿಲ್ಲ, ಅದನ್ನು ತೊಳೆಯುವುದೂ ಇರಲಿಲ್ಲ. ಯಾರಿಗೋಸ್ಕರ ಕಾರು ಬೇಕಾಗಿತ್ತೋ ಆ ಅಮ್ಮ ಮಾತ್ರ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ತೆಪ್ಪಗಿದ್ದಳು.

ಇಸವಿ ಎರಡು ಸಾವಿರದ ಐದೋ ಆರೋ ಇರಬೇಕು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ನಾನು ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ತಾನೂ ಗಂಡನನ್ನು ಕಳೆದುಕೊಂಡು ಗೌರಿಬಿದನೂರಿನಲ್ಲಿ ಮಗನ ಮನೆಯಲ್ಲಿದ್ದಳು. ಅವಳು ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದು, ಹಾಸಿಗೆ ಹಿಡಿದಿದ್ದಳು. ಸುದ್ದಿ ಬಂದ ಮಾರನೆಯ ದಿನವೇ ಅಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿ ಎರಡನೆಯ ಬಸ್ಸಿನ ಎತ್ತರದ ಮೆಟ್ಟಿಲ ಮೇಲೆ ಅಮ್ಮನ ಮಂಡಿ ಮಡಚಲೇ ಇಲ್ಲ. ಮೇಲಿಂದ ಕಂಡಕ್ಟರ್ ರಟ್ಟೆ ಹಿಡಿದು ಎಳೆದ, ಕೆಳಗಿಂದ ನಾನು ನೂಕಿದೆ. "ಮೂಟೆ ಮೇಲಕ್ಕೆ ಹಾಕ್ರೋ" ಎಂದು ಹಿಂದಿನಿಂದ ಯಾರೋ ಕೂಗಿದರು, ನಾಲ್ಕು ಜನ ನಕ್ಕರು. ಅಮ್ಮ ಕೈ ಬಿಡಿಸಿಕೊಂಡು ಕೆಳಗಿಳಿದಳು. "ನಡಿಯಮ್ಮ, ಮನೆಗೋಗಣ" ಎಂದಳು. ಆಮೇಲೆ ಅಕ್ಕತಂಗಿಯರ ಮಾತೆಲ್ಲ ಫೋನಿನಲ್ಲೇ. ದೊಡ್ಡಮ್ಮನಿಗೆ ಕಿವಿ ಮಂದ, ಹಾಗಾಗಿ ಅಮ್ಮನ ಗುಟ್ಟೆಲ್ಲ ಬೀದಿಗೇ ಕೇಳುತ್ತಿತ್ತು. ಪ್ರತಿ ಸಲವೂ ದೊಡ್ಡಮ್ಮ ಒಂದೇ ಮಾತು ಕೇಳುತ್ತಿದ್ದಳು, "ಯಾವಾಗ ಬರ್ತೀಯೇ?"

ಕಾರು ಆರಿಸಲು ಅಮ್ಮನ ತಮ್ಮ, ನನ್ನ ಸೋದರಮಾವ, ಮಂಡಿಕಲ್ಲಿನಿಂದ ತಾನಾಗಿಯೇ ಬಂದ. ಮಾವ ಒಂದು ಕಾಲದಲ್ಲಿ ದನದ ವ್ಯಾಪಾರದಲ್ಲಿ ಎತ್ತಿದ ಕೈ. ಎತ್ತಿನ ಹಲ್ಲು, ಗೊರಸು, ಮೈಮೇಲಿನ ಸುಳಿ ನೋಡಿ ಅದು ಯಾರ ಮನೆಗೆ ಆಗಿಬರುತ್ತದೆ, ಯಾರಿಗೆ ಆಗಿಬರುವುದಿಲ್ಲ ಎಂದು ಹೇಳಿಬಿಡುತ್ತಿದ್ದ. "ಗಾಡಿ ಅಂದ್ರೂ ಅಷ್ಟೇ ಕಣಮ್ಮ, ನೋಡೋ ಕಣ್ಣಿರಬೇಕು" ಎಂದ. ಆ ಕಣ್ಣಿನ ದೆಸೆಯಿಂದ ನಾನು ಪಟ್ಟ ಪಾಡು ನನಗೇ ಗೊತ್ತು.

ನಾವು ಹೊರಟ ಮೊದಲ ದಿನವೇ ಇನ್ನೊಂದನ್ನು ಗಮನಿಸಿದೆ. ಮಾವ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ "ಅಕ್ಕಾ, ಹೊರಟ್ವಿ" ಎಂದು ಕೂಗಿದ. ಅಮ್ಮ "ಆಗಲಪ್ಪಾ" ಎಂದಳು, ಆದರೆ ಹೊರಗೆ ಬರಲಿಲ್ಲ. ಹಿತ್ತಲ ಕಡೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಮನೆಗೆ ವಾಹನ ಬರುವುದು ಶುಭದ ಕೆಲಸ, ಹೊರಡುವಾಗ ಗಂಡ ಸತ್ತವಳು ಎದುರು ಬರಬಾರದು. ಅವಳಿಗೆ ಯಾರೂ ಹೋಗೆಂದು ಹೇಳಿರಲಿಲ್ಲ, ಅವಳೇ ಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಮೊದಲು ನೋಡಿದ್ದು ಚಿಕ್ಕಬಳ್ಳಾಪುರದಲ್ಲಿ. ನಿವೃತ್ತ ನೌಕರರೊಬ್ಬರ ಕಾರು, ಎತ್ತರದ ಡಬ್ಬಿಯಂಥದ್ದು. ನೋಡಲು ಅಂದಚಂದ ಏನಿಲ್ಲ. ಆದರೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ, ಟೈರು ಸವೆದಿರಲಿಲ್ಲ, ಸರ್ವಿಸ್ ಮಾಡಿಸಿದ ಚೀಟಿಗಳೆಲ್ಲ ಜೋಡಿಸಿಟ್ಟಿದ್ದವು. ನಾನು ಕೇಳಿದ ಪ್ರಶ್ನೆಗೆಲ್ಲ ಆ ಯಜಮಾನರು ನನ್ನ ಗಂಡನ ಮುಖ ನೋಡಿಕೊಂಡು "ನೋಡಿ ಸಾರ್" ಎಂದು ಉತ್ತರ ಕೊಟ್ಟರು. ಇವರೋ "ನೋಡಣ, ನೋಡಣ" ಎಂದು ತಲೆದೂಗಿದರು. ಇದನ್ನೇ ತೆಗೆದುಕೊಳ್ಳೋಣ ಎಂದು ನಾನು ಅನ್ನುವಷ್ಟರಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕರೆದ. ಬಾನೆಟ್ಟಿನ ಮೇಲೊಂದು ಚಿಕ್ಕ ತಗ್ಗಿತ್ತು. "ಹಣೆ ಮೇಲೆ ಸುಳಿ ಇದ್ದಂಗೈತೆ. ಇಂಥದನ್ನ ಮನೇಗ್ ಹೊಡ್ಕೊಂಡ್ ಹೋಗಬಾರದು. ಮೇಲಾಗಿ ನಂಬರು ಕೂಡ್ ನೋಡು, ಎಂಟು ಬತ್ತದೆ. ಶನಿದು."

ಗಣಿತ ಹೇಳಿಕೊಡುವವಳ ಮುಂದೆ ಕೂಡುವ ಲೆಕ್ಕ ಹೇಳುತ್ತಿದ್ದ! "ಮಾವ, ಅದು ತಗಡು, ಎತ್ತಲ್ಲ" ಎಂದೆ. ಅವನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಗಂಡ ಇತ್ತ ನನ್ನ ಕಡೆಗೂ ಇಲ್ಲ, ಅತ್ತ ಅವನ ಕಡೆಗೂ ಇಲ್ಲ. "ಹಿರಿಯರು ಹೇಳ್ತಾರೆ, ಇನ್ನೊಂದೆರಡು ನೋಡಿದ್ರೆ ಏನ್ ಹೋಯ್ತು" ಎಂದರು. ನಾನು ಹಲ್ಲು ಕಡಿದುಕೊಂಡು ಬಸ್ಸು ಹತ್ತಿದೆ.

ಆಮೇಲೆ ಚಿಂತಾಮಣಿ. ಮಾರ್ಕೆಟ್ಟಿನ ಹಿಂದೆ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ಒಂದು ಜಾಗ. ಅಲ್ಲಿನ ಹುಡುಗ ಮೂರು ಭಾಷೆಯಲ್ಲೂ ಅರಳು ಹುರಿದಂತೆ ಮಾತಾಡುತ್ತಿದ್ದ. ತನ್ನ ಹಿಂದಿದ್ದವನಿಗೆ ಉರ್ದುವಿನಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿ "ಮೇಡಂ, ಒಂದೇ ಕೈ ಗಾಡಿ, ಡಾಕ್ಟ್ರುದು. ಮನೆ ಬಿಟ್ರೆ ಆಸ್ಪತ್ರೆ, ಆಸ್ಪತ್ರೆ ಬಿಟ್ರೆ ಮನೆ" ಎಂದ. ನಂಬರು ಕೂಡಿದರೆ ಆರು. ಬಣ್ಣ ಬಿಳಿ. ಮಾವನ ಮುಖ ಅರಳಿತು. ಅವನು ಹೆಗಲ ಮೇಲಿನ ಟವೆಲನ್ನು ತೆಗೆದು ಹುಡುಗನ ಕೈಮೇಲೆ ಹಾಕಿ, ಅದರಡಿ ಅವನ ಬೆರಳು ಹಿಡಿದ. ದನದ ಜಾತ್ರೆಯಲ್ಲಿ ಸುತ್ತಲಿನವರಿಗೆ ತಿಳಿಯದ ಹಾಗೆ ಬೆರಳಲ್ಲೇ ಬೆಲೆ ಮಾತಾಡುವ ಪದ್ಧತಿ ಅದು. ಹುಡುಗ ಬೆಚ್ಚಿಬಿದ್ದು ಕೈ ಕಿತ್ತುಕೊಂಡ. "ಏನ್ ಸಾರ್ ಇದು!" ಮಾವನಿಗೆ ಅವಮಾನವಾಯಿತು, ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಗಂಡ ನನ್ನನ್ನು ದುರುಗುಟ್ಟಿ ನೋಡಿದರು.

ಆ ನಗುವೂ ಬಹಳ ಹೊತ್ತು ಇರಲಿಲ್ಲ. ನಾನು ಡ್ರೈವರ್ ಸೀಟಿನಲ್ಲಿ ಕೂತು ಬಗ್ಗಿ ನೋಡಿದೆ. ಕ್ಲಚ್ಚು, ಬ್ರೇಕಿನ ಪೆಡಲುಗಳ ರಬ್ಬರು ಗೀರೇ ಇಲ್ಲದಂತೆ ಸವೆದು ನುಣುಪಾಗಿತ್ತು. ಮೀಟರು ನೋಡಿದರೆ ಕಾರು ಊರೇ ಬಿಟ್ಟಿಲ್ಲವೇನೋ ಅನ್ನಿಸಬೇಕು. ಮೀಟರು ಹಿಂದಕ್ಕೆ ತಿರುಗಿಸಿದ್ದಾರೆ ಎಂದೆ. ಹುಡುಗ ಆಣೆ ಇಟ್ಟ. ಮಾವ ಹುಡುಗನ ಪರ ನಿಂತ. ಆರು ಬರುವ ನಂಬರಿನ ಕಾರು ಸುಳ್ಳು ಹೇಳಲಾರದು ಎಂಬುದು ಅವನ ವಾದ. ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಮುಖ ಊದಿಸಿಕೊಂಡು ಮಂಡಿಕಲ್ಲಿಗೆ ಹೋದವನು ತಿಂಗಳುಗಟ್ಟಲೆ ನಮ್ಮ ಕಡೆ ತಲೆ ಹಾಕಲಿಲ್ಲ. ಅವನಿಲ್ಲದೆ ಹೋಗಲು ಅಮ್ಮ ಬಿಡಲಿಲ್ಲ. "ನನ್ ತಮ್ಮನ್ ಮನಸು ನೋಯಿಸಿ ನಂಗ್ಯಾಕಮ್ಮ ಕಾರು" ಎಂದಳು. ಅತ್ತ ಫೋನಿನಲ್ಲಿ ದೊಡ್ಡಮ್ಮನ ದನಿ ವಾರ ವಾರಕ್ಕೂ ಸಣ್ಣಗಾಗುತ್ತಿತ್ತು. ಅವಳು ಹೋಗಿಬಿಟ್ಟರೆ ಈ ಜನ್ಮದಲ್ಲಿ ಅಮ್ಮನ ಮುಖ ಹೇಗೆ ನೋಡುವುದು ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗತೊಡಗಿತು.

ಕೊನೆಗೆ ಮಾವನ ಕೋಪ ಇಳಿದದ್ದು ಗೌರಿಬಿದನೂರಿನ ಒಂದು ಕಾರಿನ ಸುದ್ದಿ ಬಂದಾಗ. ಈ ಸಲ ಎಲ್ಲವೂ ಹೊಂದಿತು. ಕಡಿಮೆ ಓಡಿದ ಕಾರು, ಪೆಡಲು ನೋಡಿದೆ, ಸುಳ್ಳಲ್ಲ. ಮೈಲೇಜ್ ಕೇಳಿ ಗಂಡನ ಮುಖ ಬೆಳಗಿತು. ಮಾವನಿಗೆ ಎಲ್ಲೂ ಸುಳಿ ಸಿಗಲಿಲ್ಲ. ಕೆಂಪು ಬಣ್ಣದ, ನೆಲಕ್ಕೆ ತಗ್ಗಿದ, ಚೂಪು ಮೂಗಿನ ಕಾರು. ಮಾಲೀಕ ಅರ್ಧ ತೆಲುಗಿನಲ್ಲಿ "ಏಂ ಪರವಾಲೇದಮ್ಮಾ, ತೊಗೊಂಡ್ ಹೋಗಿ" ಎಂದ. ಮಾತು ಮುಗಿಸಿ, ಸಾಯಂಕಾಲ ಮುಂಗಡ ಕೊಡುತ್ತೇವೆಂದು ಹೇಳಿ, ನಡುವೆ ದೊಡ್ಡಮ್ಮನನ್ನು ನೋಡಿ ಬರಲು ಹೋದೆವು.

ದೊಡ್ಡಮ್ಮ ಹಾಸಿಗೆಯಲ್ಲಿ ಅರ್ಧವಾಗಿದ್ದಳು. ನಮ್ಮ ಹಿಂದೆ ಬಾಗಿಲ ಕಡೆಯೇ ನೋಡುತ್ತಿದ್ದಳು. ಇನ್ನು ಕಾರು ಬಂತು, ಅಮ್ಮನೂ ಬರುತ್ತಾಳೆ ಎಂದು ಅವಳ ಕಿವಿಯ ಹತ್ತಿರ ಕೂಗಿದೆ. ಅವಳು ಯೋಚಿಸಿ ಕೇಳಿದಳು, "ಅವಳು ಅದ್ರಾಗೆ ಕೂತ್ ನೋಡಿದ್ಲೇನೇ?"

ನಾನು ಗಂಡನ ಮುಖ ನೋಡಿದೆ, ಗಂಡ ಮಾವನ ಮುಖ ನೋಡಿದರು, ಮಾವ ಟವೆಲ್ ಕೊಡವಿದ. ಮಂಡಿ ಮಡಚಲಾರದ ಒಬ್ಬಳಿಗೆಂದು ಮೂರು ಊರು ಸುತ್ತಿ ಕಾರು ಹುಡುಕಿದ್ದೆವು. ಅವಳನ್ನು ಒಂದರಲ್ಲೂ ಕೂರಿಸಿ ನೋಡಿರಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ನಾವು ಹೊರಟುಬಿಡುತ್ತಿದ್ದೆವು.

ಮುಂಗಡ ಕೊಡಲಿಲ್ಲ. ಕಾಡಿ ಬೇಡಿ ಮಾಲೀಕನನ್ನು ಒಪ್ಪಿಸಿ ಮುಂದಿನ ಭಾನುವಾರ ಕಾರನ್ನು ಶಿಡ್ಲಘಟ್ಟಕ್ಕೆ ತರಿಸಿದೆ. ಅದು ಮನೆಯ ಮುಂದೆ ನಿಂತ ಸದ್ದು ಕೇಳಿದ್ದೇ ಅಮ್ಮ ಎದ್ದು ಹಿತ್ತಲ ಕೋಣೆಯ ಕಡೆ ನಡೆದಳು. ನಾನು ಅಡ್ಡ ನಿಂತೆ.

"ಎಲ್ಲಿಗೆ?"

"ವ್ಯಾಪಾರ ಮುಗೀಲಿ ಕಣಮ್ಮ. ಬೋಳು ಹಣೆ ಇಟ್ಕೊಂಡು ನಾನ್ಯಾಕೆ ಮುಂದೆ ನಿಂತ್ಕೊಳ್ಲಿ?"

"ನೀನು ಕೂರಲ್ಲ ಅಂದ್ರೆ ಈ ಮನೆಗೆ ಕಾರೇ ಬೇಡ. ನಾನೂ ಇನ್ಮೇಲೆ ದೊಡ್ಡಮ್ಮನ ಮನೆಗೆ ಹೋಗಲ್ಲ" ಎಂದು ಕಿರುಚಿದೆ. ಇಡೀ ಬೀದಿಗೆ ಕೇಳಿಸಿರಬೇಕು, ಎದುರು ಮನೆಯ ಸಾಹೇಬರು ಹೊರಗೆ ಬಂದರು. ಅಮ್ಮ ಹೆದರಿಯೋ ನಾಚಿಯೋ ಬಂದಳು. ಕಾರಿನ ಬಾಗಿಲು ತೆಗೆದೆ. ಅವಳು ತಲೆ ಬಗ್ಗಿಸಿದರೆ ಕಾಲು ಒಳಗೆ ಹೋಗದು, ಕಾಲು ಇಟ್ಟರೆ ತಲೆ ತಾಗುತ್ತದೆ. ಕೊನೆಗೆ ಧೊಪ್ಪೆಂದು ಸೀಟಿಗೆ ಬಿದ್ದಳು. ಏಳಲು ಆಗಲಿಲ್ಲ. ಗಂಡ, ಮಾವ ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಬಸ್ ಸ್ಟಾಂಡಿನಲ್ಲಿ ನೋಡಿದ ಅದೇ ಮುಖ ಅವಳದು. "ಬಸ್ಸೇ ವಾಸಿ ಬಿಡಮ್ಮ" ಎಂದು ಸೀರೆ ಸರಿಮಾಡಿಕೊಂಡು ಒಳಗೆ ಹೋದಳು. ಕೆಂಪು ಕಾರು ಬಂದ ದಾರಿಗೆ ಸುಂಕವಿಲ್ಲದಂತೆ ಹೋಯಿತು. ನಾನು ಜಗಲಿ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಬರೀ ಸಿಟ್ಟಿಗೆ.

ಅಳು ನಿಂತ ಮೇಲೆ ಚಿಕ್ಕಬಳ್ಳಾಪುರದ ಡಬ್ಬಿ ಕಾರು ನೆನಪಾಯಿತು. ಇಷ್ಟು ದಿನ ಯಾರು ಬಿಟ್ಟಿರುತ್ತಾರೆ ಎಂದುಕೊಂಡೇ ಫೋನ್ ಮಾಡಿದೆ. "ಎಲ್ಲಿ ಮೇಡಂ," ಎಂದರು ಆ ಯಜಮಾನರು, ಮೊದಲ ಸಲ ನನ್ನ ಜೊತೆಗೇ ಮಾತಾಡುತ್ತ, "ಬಂದೋರೆಲ್ಲ ನಂಬರು ಕೂಡ್ತಾರೆ, ಎಂಟು ಅಂತಾರೆ, ಕಾಫಿ ಕುಡಿದು ಹೋಗ್ತಾರೆ." ನಮ್ಮ ತಾಲ್ಲೂಕುಗಳಲ್ಲಿ ಮಾವ ಒಬ್ಬನೇ ಅಲ್ಲವಲ್ಲ! ಅಂದು ಮಾತ್ರ ನಾನು ಅವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದೆ.

ಆ ಕಾರು ಮನೆ ಮುಂದೆ ಬಂದಾಗ ಅಮ್ಮ ಜಗಳವಾಡಲಿಲ್ಲ, ಆಸೆಯನ್ನೂ ಇಟ್ಟುಕೊಂಡಿರಲಿಲ್ಲ. ಕಾರಿನ ತೆರೆದ ಬಾಗಿಲಿಗೆ ಬೆನ್ನು ತಿರುಗಿಸಿ ಹಾಗೆಯೇ ಸೀಟಿನ ಮೇಲೆ ಕೂತಳು. ಆಮೇಲೆ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಯಾರೂ ಕೈ ಕೊಡಬೇಕಾಗಲಿಲ್ಲ. "ಜಗಲಿ ಮೇಲೆ ಕೂತಂಗೈತೆ" ಎಂದಳು. ಮಾವ ಬಾನೆಟ್ಟಿನ ತಗ್ಗಿನ ಮೇಲೆ ಕೈಯಾಡಿಸಿದ.

ಆದರೆ ಕಾರು ನಮ್ಮದಾದ ದಿನ ಅವನು ನಿಂಬೆಹಣ್ಣು, ಹೂವು ಹಿಡಿದುಕೊಂಡು ಬಂದ. ಮೊದಲು ದೇವಸ್ಥಾನ, ನಾನು ಮುಂದೆ ಕೂರಬೇಕು, ಅಮ್ಮ ಆಮೇಲೆ ಇನ್ನೊಂದು ದಿನ ಎಂದ. ಅಮ್ಮ ಆಗಲೇ ಹಿತ್ತಲ ಕಡೆ ಕಾಲು ಹಾಕಿದ್ದಳು. ನನ್ನ ಸಿಟ್ಟು ನೆತ್ತಿಗೇರಿತು. ಮೊದಲ ಸವಾರಿ ಗೌರಿಬಿದನೂರಿಗೆ, ಬರುವವರು ಬನ್ನಿ ಎಂದು ಅಮ್ಮನ ಕೈ ಹಿಡಿದು ತಂದು ಕೂರಿಸಿದೆ. ಗಂಡ, ಅಪರೂಪಕ್ಕೆ, "ನೋಡಣ" ಎನ್ನದೆ ಸ್ಟಾರ್ಟ್ ಮಾಡಿದರು. ಮಾವ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಮುಂದೆ ಹತ್ತಿದ. ಅಮ್ಮ ಹಿಡಿ ತಿರುಗಿಸಿ ಕಿಟಕಿಯ ಗಾಜನ್ನು ಪೂರ್ತಿ ಏರಿಸಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಹೊಸ ಕಾರಿನಲ್ಲಿ ತನ್ನ ಮುಖ ಯಾರಿಗೂ ಕಾಣಬಾರದು. ಸೆಖೆಯಲ್ಲಿ ಬೆವರುತ್ತ ದಾರಿಯುದ್ದಕ್ಕೂ ಹಾಗೇ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಕುದಿಯುತ್ತಿದ್ದೆ.

ದೊಡ್ಡಮ್ಮನ ಹಾಸಿಗೆಯ ಪಕ್ಕ ಅಕ್ಕತಂಗಿಯರು ಬಹಳ ಹೊತ್ತು ಒಬ್ಬರ ಕೈ ಒಬ್ಬರು ಸವರುತ್ತ ಕೂತರು. ಆಮೇಲೆ ದೊಡ್ಡಮ್ಮ ತಾನೂ ಕಾರಿನಲ್ಲಿ ಕೂರಬೇಕು ಎಂದಳು. ಬೇಡವೆಂದರೆ ಕೇಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎತ್ತಿಕೊಂಡು ಬಂದು, ಮೆಲ್ಲಗೆ ಹಿಂದಿನ ಸೀಟಿಗೆ ಸರಿಸಿದರು. ಅಮ್ಮ ಆ ಕಡೆಯಿಂದ ಬಂದು ಪಕ್ಕದಲ್ಲಿ ಕೂತಳು.

ಮಾವ ಜೇಬಿನಿಂದ ನಿಂಬೆಹಣ್ಣು ತೆಗೆದ. ಬಗ್ಗಿ ಚಕ್ರಗಳ ಕೆಳಗೆ ಒಂದೊಂದು ಇಟ್ಟ. ಅಮ್ಮ ಗಾಬರಿಯಿಂದ ಬಾಗಿಲಿಗೆ ಕೈ ಹಾಕಿದಳು. "ಇರೋ, ನಾನು ಇಳೀತೀನಿ. ನಾವಿಬ್ರೂ ಒಳಗಿದ್ದಾಗ ಯಾಕೋ ಇದು?" ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು.

"ನಂಗೆ ಇಳಿಯಕ್ಕಾಗಲ್ಲ ಕಣೇ. ನೀನೂ ಕೂತಿರು." ನನ್ನ ಗಂಡನ ಕಡೆ ತಿರುಗಿ, "ಬಿಡಪ್ಪಾ ಗಾಡಿ" ಎಂದಳು.

ಮಾವ ಪಕ್ಕಕ್ಕೆ ಸರಿದ. ನಿಂಬೆಹಣ್ಣು ಪಚಕ್ಕೆಂದಿತು. ಕಾರು ಬೀದಿಯ ಕೊನೆಯವರೆಗೆ ನಿಧಾನವಾಗಿ ಹೋಯಿತು, ನಾನು ಹಿಂದೆಯೇ ನಡೆದೆ. ಅಂಗಡಿಯ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ತಿರುವಿನಲ್ಲಿ ಅಮ್ಮನ ಕಡೆಯ ಕಿಟಕಿ ನನಗೆ ಕಾಣಿಸಿತು. ಅವಳು ಹಿಡಿ ತಿರುಗಿಸುತ್ತ ಗಾಜನ್ನು ಕೆಳಗಿಳಿಸುತ್ತಿದ್ದಳು.